ಬೇವಿನ ಕಡ್ಡಿಯೊಳಗೆ ಬೂಷ್ಟು ಹುಡುಕಿದ್ದು

ಗಿಡಮರಗಳ ಒಳಗೇ, ಅವಕ್ಕೆ ಯಾವ ರೋಗವನ್ನೂ ತರದೆ ಬದುಕುವ ಬೂಷ್ಟುಗಳಿವೆ. ಎಂಡೋಫೈಟ್ ಅಂತ ಕರೆಯುತ್ತಾರೆ. ಕ್ಯಾನ್ಸರ್ ಔಷಧಿ ಟ್ಯಾಕ್ಸಾಲನ್ನು ಯೂ ಮರದೊಳಗಿನ ಬೂಷ್ಟೊಂದು ತಾನೂ ತಯಾರಿಸುತ್ತದೆ ಎಂದು 1993ರಲ್ಲಿ ವರದಿಯಾದ ಮೇಲೆ ಔಷಧಿ ಮರಗಳ ಕಡೆ ಎಲ್ಲರ ಕಣ್ಣು ಬಿತ್ತು. ನಾನು ಬೇವು ಆರಿಸಿಕೊಂಡೆ.

ಬೇವಿನ ಕಡ್ಡಿ ತೊಳೆದು, ಚೂರು ಮಾಡಿ, ಬೂಷ್ಟು ಬೆಳೆಸುವ ಪ್ಲೇಟ್ ಮೇಲಿಟ್ಟೆ. ಮೊದಲ ಸಲ ಎರಡೇ ದಿನಕ್ಕೆ ಪ್ಲೇಟ್ ತುಂಬ ಹಸಿರು ಪುಡಿ ಪುಡಿ ಬೂಷ್ಟು. ಕುಣಿದಾಡಿಬಿಟ್ಟೆ. ಆಮೇಲೆ, ಕಡ್ಡಿ ತೊಳೆದ ಕೊನೆಯ ನೀರನ್ನು ಸವರಿಟ್ಟಿದ್ದ ಪ್ಲೇಟ್ ನೋಡಿದರೆ ಅಲ್ಲೂ ಅದೇ ಹಸಿರು! ಒಳಗಿನದಲ್ಲ, ತೊಗಟೆ ಮೇಲಿನ ಧೂಳಿನದು. ಎಲ್ಲಾ ಎಸೆದೆ. ಆ ಒಂದು ಪ್ಲೇಟ್ ಇಡದೆ ಈ ಕೆಲಸಕ್ಕೆ ಕೈ ಹಾಕಲೇಬಾರದು.

ಎರಡನೇ ಸಲ 70% ಆಲ್ಕೋಹಾಲ್‌ನಲ್ಲಿ ಒಂದು ನಿಮಿಷ, ಬ್ಲೀಚ್ ದ್ರಾವಣದಲ್ಲಿ ಮೂರು ನಿಮಿಷ, ಮತ್ತೆ ಆಲ್ಕೋಹಾಲ್‌ನಲ್ಲಿ ಅರ್ಧ ನಿಮಿಷ, ಕೊನೆಗೆ ಕ್ರಿಮಿಶುದ್ಧ ನೀರಿನಲ್ಲಿ ಮೂರು ಸಲ ತೊಳೆದೆ. ಬ್ಲೀಚ್ ಹೀರಿದ ತುದಿಗಳನ್ನು ಕತ್ತರಿಸಿ ಬಿಸಾಕಿ, ಉಳಿದ ಚೂರುಗಳನ್ನು ಆಲೂಗಡ್ಡೆ ಅಗರ್ (ಬೂಷ್ಟಿಗೆ ಆಹಾರವಾಗುವ ಜೆಲ್ಲಿ) ಮೇಲಿಟ್ಟೆ. ಬ್ಯಾಕ್ಟೀರಿಯಾ ಬೆಳೆಯದಂತೆ ಕ್ಲೋರಾಂಫೆನಿಕಾಲ್ ಮೊದಲೇ ಬೆರೆಸಿತ್ತು. ಐದು ದಿನ ಏನೂ ಇಲ್ಲ. ಆರನೇ ದಿನ ಬೆಳಕಿಗೆ ಹಿಡಿದರೆ, ಕತ್ತರಿಸಿದ ಅಂಚಿನಿಂದ ಜೇಡದ ಎಳೆಯಂಥ ಬಿಳಿ ದಾರ ಹೊರಗೆ ಇಣುಕುತ್ತಿತ್ತು. ತೊಗಟೆಯ ಕಡೆಯಿಂದಲ್ಲ, ಅಂಚಿನಿಂದ. ತೊಳೆದ ನೀರಿನ ಪ್ಲೇಟ್ ಖಾಲಿ.

ಆ ಎಳೆಯ ತುದಿಯನ್ನೇ ಕಿತ್ತು ಬೇರೆ ಪ್ಲೇಟ್‌ನಲ್ಲಿ ಬೆಳೆಸಿದೆ. ಬೀಜಕವನ್ನೇ ಬಿಡಲಿಲ್ಲ ಪುಣ್ಯಾತ್ಮ, ನೋಡಿ ಗುರುತು ಹಿಡಿಯುವುದು ಹೇಗೆ? ಡಿಎನ್‌ಎಗೇ ಮೊರೆ ಹೋಗಬೇಕಾಯಿತು. ದ್ರವದಲ್ಲಿ ಮೂರು ವಾರ ಬೆಳೆಸಿ, ಸೋಸಿ, ಈಥೈಲ್ ಅಸಿಟೇಟ್ ಎಂಬ ದ್ರಾವಕದಿಂದ ಸಾರ ತೆಗೆದೆ. ಕೈಗೆ ಬಂದದ್ದು ಅಂಟಂಟಾದ ಕಂದು ಮೇಣ, ಅಷ್ಟೇ.

ಅದನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ, ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಸವರಿದ ಅಗರ್‌ನಲ್ಲಿ ಕೊರೆದ ಗುಳಿಯೊಳಗೆ ಹಾಕಿದೆ. ಮರುದಿನ ಗುಳಿಯ ಸುತ್ತ ತಿಳಿಯಾದ ಉಂಗುರ, ಅಲ್ಲಿ ಬ್ಯಾಕ್ಟೀರಿಯಾ ಬೆಳೆದಿರಲಿಲ್ಲ. ಬರೀ ಡಿಎಂಎಸ್‌ಒ ಹಾಕಿದ ಗುಳಿಯ ಸುತ್ತ ಉಂಗುರವಿರಲಿಲ್ಲ. ಇ. ಕೋಲೈ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಮಾತ್ರ ಜಗ್ಗಲಿಲ್ಲ. ಅದರ ಹೊರಪೊರೆ ದಾಟುವುದು ಕಷ್ಟ, ಅಲ್ವಾ?

ತಲೆ ಕೆಡಿಸಿದ್ದು ಆಮೇಲಿನದು. ಬೂಷ್ಟನ್ನು ಪ್ಲೇಟ್‌ನಿಂದ ಪ್ಲೇಟ್‌ಗೆ ಬದಲಿಸುತ್ತಾ ಹೋದಂತೆ ಉಂಗುರ ಸಣ್ಣದಾಗುತ್ತಾ ಬಂತು. ಮರ ಬಿಟ್ಟು ಬಂದ ಎಂಡೋಫೈಟ್‌ಗಳು ಹೀಗೆ ಮಂಕಾಗುವುದು ಹೊಸದೇನಲ್ಲವಂತೆ. ಬೂಷ್ಟು ಬೆಳೆಸುವ ಆಹಾರಕ್ಕೆ ಬೇವಿನ ಎಲೆಯ ಕಷಾಯ ಬೆರೆಸಿ ನೋಡಿದೆ, ಸ್ವಲ್ಪ ಚೇತರಿಸಿಕೊಂಡಿತು, ಮೊದಲಿನಷ್ಟಲ್ಲ. ಈಗ ಮೊದಲ ಬೆಳೆಯನ್ನೇ ಗ್ಲಿಸರಾಲ್‌ನಲ್ಲಿ ಹಾಕಿ ಮೈನಸ್ 80 ಡಿಗ್ರಿಯಲ್ಲಿಡುತ್ತೇನೆ, ಪ್ರತಿ ಪ್ರಯೋಗಕ್ಕೂ ಅಲ್ಲಿಂದಲೇ ತೆಗೆಯುತ್ತೇನೆ.