ನೀರಿನ ಕೂಲರ್ ಕೂರಿಸಿದ್ದು, ಬಿಚ್ಚಿ ಮತ್ತೆ ಕೂರಿಸಿದ್ದು

ನಮ್ಮ ಕಡೆ ಮದುವೆಯ ಸುಗ್ಗಿಯೂ ಬಿಸಿಲಿನ ಸುಗ್ಗಿಯೂ ಒಟ್ಟಿಗೇ ಬರುತ್ತವೆ. ತುಮಕೂರಿನ ಬಿ.ಎಚ್. ರಸ್ತೆಯ ಪಕ್ಕದ ಕಟ್ಟಡವೊಂದರ ಕಡೆಯ ಮಹಡಿಯಲ್ಲಿ ನನ್ನ ವಿಡಿಯೊ ಸ್ಟುಡಿಯೊ ಇದೆ. ತಲೆಯ ಮೇಲೆ ಬರೀ ತಾರಸಿ. ಏಪ್ರಿಲ್ ಮಧ್ಯಾಹ್ನ ಮೂರು ಗಂಟೆಗೆ ಪಶ್ಚಿಮದ ಗೋಡೆಗೆ ಬೆನ್ನು ಕೊಟ್ಟು ಕುಳಿತರೆ ರೊಟ್ಟಿಯ ಹೆಂಚಿಗೆ ಒರಗಿದ ಹಾಗಾಗುತ್ತದೆ. ಅಂಥ ಹೊತ್ತಿನಲ್ಲಿಯೇ ಮುಹೂರ್ತ, ಆರತಕ್ಷತೆ, ಬೀಗರ ಊಟ ಎಲ್ಲ ಸೇರಿದ ಎರಡು ಗಂಟೆಯ ವಿಡಿಯೊವನ್ನು ರೆಂಡರ್‌ಗೆ, ಎಂದರೆ ಜೋಡಿಸಿದ ತುಣುಕುಗಳನ್ನೆಲ್ಲ ಕಂಪ್ಯೂಟರ್ ಒಂದೇ ಕಡತವಾಗಿ ಮಾಡಲು, ಹಾಕಬೇಕಾಗುತ್ತದೆ.

ನನ್ನ ಕಂಪ್ಯೂಟರಿನಲ್ಲಿ ಲೆಕ್ಕವೆಲ್ಲ ಮಾಡುವ ಚಿಪ್ಪು ರೈಜೆನ್ 9 5900ಎಕ್ಸ್ ಪ್ರೊಸೆಸರ್. ಹನ್ನೆರಡು ಕೋರ್. ಡಬ್ಬಿಯ ಮೇಲೆ 105 ವ್ಯಾಟ್ ಎಂದಿದ್ದರೂ ಪೂರ್ತಿ ದುಡಿಯುವಾಗ 142 ವ್ಯಾಟ್‌ವರೆಗೆ ಎಳೆದುಕೊಳ್ಳುತ್ತದೆ. 90 ಡಿಗ್ರಿ ಅದರ ಮಿತಿ. ಅಲ್ಲಿಗೆ ಮುಟ್ಟಿದರೆ ಸುಟ್ಟುಹೋಗುವುದಿಲ್ಲ, ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಕಳೆದ ಬೇಸಿಗೆಯಲ್ಲಿ ಉಷ್ಣಾಂಶ ತೋರಿಸುವ ತಂತ್ರಾಂಶವನ್ನು ತೆರೆದಿಟ್ಟುಕೊಂಡು ನೋಡಿದರೆ ಅಂಕಿ 90ರಲ್ಲಿಯೇ ಅಂಟಿಕೊಂಡಿತ್ತು. ಫ್ಯಾನಿನ ಅರಚಾಟದಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತ ಗಿರಾಕಿ ಹಾಡಿನ ಆಯ್ಕೆ ಹೇಳಿದ್ದು ನನಗೆ ಕೇಳಿಸಲಿಲ್ಲ.

ಪ್ರೊಸೆಸರಿನ ಬಿಸಿ ಇಳಿಸುವ ಹೊಸ ಕೂಲರ್ ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿದೆ. ಇದಕ್ಕೆ ಖರ್ಚಿಲ್ಲ, ಎಲ್ಲರೂ ಮಾಡಬಹುದು. ಕ್ಯಾಬಿನೆಟ್ಟಿನ, ಎಂದರೆ ಕಂಪ್ಯೂಟರ್ ಪೆಟ್ಟಿಗೆಯ, ಪಕ್ಕದ ಗಾಜನ್ನು ಬಿಚ್ಚಿಟ್ಟು ಅದೇ ಕೆಲಸವನ್ನು ಮತ್ತೆ ಓಡಿಸಿ ನೋಡುವುದು. ಉಷ್ಣಾಂಶ ಗಣನೀಯವಾಗಿ ಇಳಿದರೆ ತಪ್ಪು ಕೂಲರಿನದಲ್ಲ, ಪೆಟ್ಟಿಗೆಗೆ ಉಸಿರಾಡಲು ದಾರಿಯಿಲ್ಲ ಎಂದು ಅರ್ಥ. ನನ್ನದು ಆರು ಡಿಗ್ರಿ ಇಳಿಯಿತು. ಅಂದರೆ ತಪ್ಪು ಎರಡೂ ಕಡೆ ಇತ್ತು. ಮುಂದಿನ ಧೂಳಿನ ಜಾಲರಿಯನ್ನು ತೆಗೆದರೆ ನಮ್ಮ ರಸ್ತೆಯ ಕೆಂಪು ಧೂಳು ಕಂಬಳಿಯ ಹಾಗೆ ಹೆಪ್ಪುಗಟ್ಟಿ ಕೂತಿತ್ತು. ತೊಳೆದೆ. ಎರಡು ಡಿಗ್ರಿ ಕಡಿಮೆಯಾಯಿತು. ಹಳೆಯ ಕೂಲರ್ ಒಂದೇ ಫ್ಯಾನಿನ ಚಿಕ್ಕ ಗೋಪುರ, ಪ್ರೊಸೆಸರಿನ ಮೇಲೆ ನಿಲ್ಲುವ ಲೋಹದ ತಗಡುಗಳ ಕಟ್ಟು. ನಮ್ಮ ಬೇಸಿಗೆಯಲ್ಲಿ ಈ ಪ್ರೊಸೆಸರಿಗೆ ಅದು ಸಾಲದು ಎಂದು ಆಗ ಖಾತ್ರಿಯಾಯಿತು.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. 65 ವ್ಯಾಟ್‌ನ ಪ್ರೊಸೆಸರ್ ಇಟ್ಟುಕೊಂಡು ಟ್ಯಾಲಿ, ಡಿಟಿಪಿ, ಸಣ್ಣಪುಟ್ಟ ಆಟ ಎಂದಿರುವವರಿಗೆ ನೀರಿನ ಕೂಲರ್ ಬೇಕಿಲ್ಲ. ಒಳ್ಳೆಯ ಗಾಳಿಯ ಕೂಲರ್ ಸಾಕು. ಅದರಲ್ಲಿ ಕೆಡುವುದು ಫ್ಯಾನ್ ಒಂದೇ, ಅದನ್ನು ಬದಲಿಸಿದರೆ ಆಯಿತು. ನನಗೂ ಎರಡು ಫ್ಯಾನಿನ ದೊಡ್ಡ ಗೋಪುರ ಸಾಕಾಗುತ್ತಿತ್ತು. ಆದರೆ ಅಂಥದ್ದು 165 ಮಿಲಿಮೀಟರಿನವರೆಗೆ ಎತ್ತರವಿರುತ್ತದೆ, ನನ್ನ ಕ್ಯಾಬಿನೆಟ್ 160ಕ್ಕೆ ಮುಗಿಯುತ್ತದೆ. ಐದು ಮಿಲಿಮೀಟರಿಗಾಗಿ ನಾನು ನೀರಿನ ದಾರಿ ಹಿಡಿದೆ. ಇದರಲ್ಲಿ ಪ್ರೊಸೆಸರಿನ ಮೇಲೆ ಕೂರುವ ಪಂಪು ಬಿಸಿ ಹೊತ್ತ ನೀರನ್ನು ಕೊಳವೆಯಲ್ಲಿ ರೇಡಿಯೇಟರಿಗೆ ಕಳಿಸುತ್ತದೆ, ಅಲ್ಲಿ ಫ್ಯಾನುಗಳು ಅದನ್ನು ತಣಿಸುತ್ತವೆ.

ಮೊದಲ ಎಡವಟ್ಟು ಅಳತೆಯಲ್ಲಿಯೇ ಆಯಿತು. 240, 280, 360 ಎಂದು ರೇಡಿಯೇಟರುಗಳಿಗೆ ಹೆಸರಿದೆಯಲ್ಲ, ಅದು ಫ್ಯಾನುಗಳ ಲೆಕ್ಕ. 240 ಎಂದರೆ 120 ಮಿಲಿಮೀಟರಿನ ಎರಡು ಫ್ಯಾನ್, 280 ಎಂದರೆ 140ರ ಎರಡು, 360 ಎಂದರೆ 120ರ ಮೂರು. ರೇಡಿಯೇಟರಿನ ನಿಜವಾದ ಉದ್ದ ಇದಕ್ಕಿಂತ ಹೆಚ್ಚು, ಏಕೆಂದರೆ ಎರಡು ತುದಿಗಳಲ್ಲಿ ನೀರು ತಿರುಗುವ ಸಣ್ಣ ತೊಟ್ಟಿಗಳಿರುತ್ತವೆ. 280ರದ್ದು ಸುಮಾರು 315 ಮಿಲಿಮೀಟರ್, 360ರದ್ದು ಹತ್ತಿರ ಹತ್ತಿರ 400. ನಾನು ಹೆಸರನ್ನೇ ಉದ್ದವೆಂದು ನಂಬಿ, ಮಗಳ ಜಾಮಿಟ್ರಿ ಡಬ್ಬಿಯ ಸ್ಕೇಲಿನಲ್ಲಿ ಅಳೆದು, 360 ಕೂಡ ಹಿಡಿಸುತ್ತದೆ ಎಂದು ಬರೆದಿಟ್ಟುಕೊಂಡಿದ್ದೆ.

ದಪ್ಪದ್ದು ಇನ್ನೊಂದು ಲೆಕ್ಕ. ರೇಡಿಯೇಟರ್ ಸಾಮಾನ್ಯವಾಗಿ 27 ಮಿಲಿಮೀಟರ್, ಅದಕ್ಕೆ ಅಂಟಿದ ಫ್ಯಾನ್ 25, ಒಟ್ಟು 52. ಕ್ಯಾಬಿನೆಟ್ಟಿನ ಮೇಲ್ಭಾಗದಲ್ಲಿ ಕೂರಿಸೋಣವೆಂದರೆ ಚಾವಣಿಗೂ ಮದರ್‌ಬೋರ್ಡಿನ ಅಂಚಿಗೂ ನಡುವೆ ಅಷ್ಟು ಜಾಗವಿರಲಿಲ್ಲ. ಜೊತೆಗೆ ನನ್ನ ರ‍್ಯಾಮ್ ಕಡ್ಡಿಗಳು ಬಣ್ಣದ ದೀಪದ ಕಿರೀಟ ಇಟ್ಟುಕೊಂಡ ಎತ್ತರದವು. ಕೊಂಡಾಗ ಚೆಂದ ಕಂಡಿದ್ದವು, ಈಗ ಅಡ್ಡ ಬಂದವು. ಉಳಿದದ್ದು ಮುಂಭಾಗ. ಅಲ್ಲಿ ಪರದೆಯ ಚಿತ್ರಗಳ ಕೆಲಸ ಮಾಡುವ ಗ್ರಾಫಿಕ್ಸ್ ಕಾರ್ಡ್ ಎದುರಾಗುತ್ತದೆ. ಕಾರ್ಡಿಗೆ 360 ಮಿಲಿಮೀಟರ್ ಜಾಗವಿದೆ ಎಂದು ಕ್ಯಾಬಿನೆಟ್ಟಿನ ಕೈಪಿಡಿ ಹೇಳುತ್ತಿತ್ತು. ಕಾರ್ಡ್ 300. ರೇಡಿಯೇಟರ್ ಮತ್ತು ಫ್ಯಾನ್ 52. ಮಿಕ್ಕಿದ್ದು ಎಂಟು ಮಿಲಿಮೀಟರ್, ಒಂದು ಕಿರುಬೆರಳು ತೂರುವುದೂ ಅನುಮಾನ. ಆದರೂ ಲೆಕ್ಕ ಕೂಡಿತು.

ಮೇಲೆ ಕೂರಿಸುವುದೋ ಮುಂದೆ ಕೂರಿಸುವುದೋ ಎಂಬುದು ಜಾಗದ ಪ್ರಶ್ನೆ ಮಾತ್ರವಲ್ಲ. ಮುಂದಿದ್ದರೆ ಹೊರಗಿನ ಗಾಳಿ ಮೊದಲು ರೇಡಿಯೇಟರಿಗೆ ಸಿಗುತ್ತದೆ, ಅಲ್ಲಿ ಬಿಸಿಯಾದ ಗಾಳಿಯನ್ನು ಗ್ರಾಫಿಕ್ಸ್ ಕಾರ್ಡ್ ಉಸಿರಾಡಬೇಕಾಗುತ್ತದೆ. ಮೇಲಿದ್ದರೆ ಇದು ತಿರುಗಾಮುರುಗಾ. ನನ್ನ ಕೆಲಸದಲ್ಲಿ ಭಾರ ಹೊರುವುದು ಪ್ರೊಸೆಸರ್, ಆದ್ದರಿಂದ ಮುಂದೆಯೇ ಸರಿ. ಆಟ ಆಡುವವರಾದರೆ ಮೇಲ್ಗಡೆಗೆ ನನ್ನ ಮತ.

ಖರೀದಿಗೆ ಬೆಂಗಳೂರಿಗೇ ಹೋದೆ. ಬೆಳಗಿನ ರೈಲಿನಲ್ಲಿ ಮೆಜೆಸ್ಟಿಕ್, ಅಲ್ಲಿಂದ ಮೆಟ್ರೊದಲ್ಲಿ ಚಿಕ್ಕಪೇಟೆ, ಮುಂದೆ ಎಸ್.ಪಿ. ರಸ್ತೆಗೆ ನಡಿಗೆ. ಅಂಗಡಿಯಾತ "360 ತೆಗೆದುಕೊಳ್ಳಿ ಸಾರ್, ಆಮೇಲೆ ಚಿಂತೆಯೇ ಇಲ್ಲ" ಎಂದ. ನಿಜವಾದ ಉದ್ದ ನನಗೆ ತಿಳಿದದ್ದು ಅಲ್ಲಿ ಡಬ್ಬಿಯ ಪಕ್ಕದಲ್ಲಿ ಮುದ್ರಿಸಿದ್ದ ಚಿತ್ರ ನೋಡಿದಾಗ. 360 ಕೈಬಿಟ್ಟೆ. 280ರ ಫ್ಯಾನುಗಳು ದೊಡ್ಡವು, ಅಷ್ಟೇ ಗಾಳಿಯನ್ನು ನಿಧಾನವಾಗಿ ತಿರುಗಿಯೇ ಕೊಡುತ್ತವೆ, ಸದ್ದು ಕಡಿಮೆ. ನನಗೆ ಬೇಕಾದದ್ದೂ ಅದೇ. ಮೂರ‍್ನಾಲ್ಕು ಹೆಸರುಗಳ ಡಬ್ಬಿಗಳನ್ನು ಮುಂದಿಟ್ಟ. ಡೆನ್ಮಾರ್ಕಿನ ಅಸೆಟೆಕ್ ಎಂಬ ಕಂಪನಿ ಬಹಳ ವರ್ಷಗಳಿಂದ ಬೇರೆ ಬೇರೆ ಬ್ರ್ಯಾಂಡುಗಳಿಗೆ ಪಂಪ್ ಮಾಡಿಕೊಟ್ಟಿದೆ. ಹಾಗಾಗಿ ಮೇಲಿನ ಚೀಟಿ ಬೇರೆಯಾದರೂ ಒಳಗಿನ ಕರುಳು ಒಂದೇ ಆಗಿರುವುದುಂಟು. ನಾನು ನೋಡಿದ್ದು ಮೂರು ಸಂಗತಿ: ನನ್ನ ಪ್ರೊಸೆಸರ್ ಕೂರುವ ಎಎಂ4 ಸಾಕೆಟ್ಟಿಗೆ ಹೊಂದುವ ಹಿಡಿಕೆ ಡಬ್ಬಿಯಲ್ಲಿ ಇದೆಯೇ, ವಾರಂಟಿ ಐದು ವರ್ಷಕ್ಕೆ ಕಡಿಮೆ ಇಲ್ಲವೇ, ಸೋರಿ ಬೇರೆ ಭಾಗ ಹಾಳಾದರೆ ಕಂಪನಿ ಏನು ಹೇಳುತ್ತದೆ. ಮೂರನೆಯದಕ್ಕೆ ಅಂಗಡಿಯಾತ ನಕ್ಕ. ಕಂಪನಿಯ ವಾರಂಟಿ ಪುಟದಲ್ಲಿ ಓದಿದ ಮೇಲೆಯೇ ದುಡ್ಡು ಕೊಟ್ಟೆ.

ಭಾನುವಾರ ಸ್ಟುಡಿಯೊದ ಹುಡುಗನನ್ನು ಜೊತೆಗಿಟ್ಟುಕೊಂಡು ಕೆಲಸಕ್ಕೆ ಕೂತೆ. ಕ್ಯಾಬಿನೆಟ್ಟನ್ನು ಮಗ್ಗುಲಾಗಿ ಮಲಗಿಸಿ, ಹಳೆಯ ಕೂಲರಿನ ಕೊಕ್ಕೆ ಬಿಡಿಸಿ, ಮೇಲಕ್ಕೆತ್ತಿದೆ. ಅಲ್ಲಾಡಲಿಲ್ಲ. ಇನ್ನಷ್ಟು ಎಳೆದೆ. ಚಟಕ್ ಎಂದು ಬಂತು. ಕೂಲರಿನ ತಳ ನೋಡಿದರೆ ಪ್ರೊಸೆಸರೂ ಅದಕ್ಕೆ ಅಂಟಿಕೊಂಡೇ ಮೇಲೆದ್ದಿತ್ತು. ಪ್ರೊಸೆಸರಿನಿಂದ ಕೂಲರಿಗೆ ಬಿಸಿ ದಾಟಲೆಂದು ನಡುವೆ ಹಚ್ಚುವ ಪೇಸ್ಟು ಒಣಗಿ ಗೋಂದಾಗಿತ್ತು. ಎಎಂ4 ಸಾಕೆಟ್ಟಿನ ಸನ್ನೆ ಹಾಕಿದ್ದರೂ ಹೀಗಾಗುತ್ತದೆ, ಪ್ರೊಸೆಸರನ್ನು ಮೇಲಿನಿಂದ ಅದುಮಿ ಹಿಡಿಯುವ ಚೌಕಟ್ಟು ಅದರಲ್ಲಿಲ್ಲ. ತಳದಲ್ಲಿ 1331 ಪಿನ್‌ಗಳು, ಕೂದಲಿನಂಥವು. "ಅಣ್ಣ, ಮೂಲೆಯಲ್ಲಿ ಎರಡು ಬಾಗಿವೆ" ಎಂದ ಹುಡುಗ. ಅವನ ಕಣ್ಣು ಚುರುಕು.

ಬಾಯಿ ಒಣಗಿತು. ಮೇಜಿನ ದೀಪವನ್ನು ಹತ್ತಿರ ಎಳೆದುಕೊಂಡು, ಸೀಸ ತೆಗೆದ ಮೆಕ್ಯಾನಿಕಲ್ ಪೆನ್ಸಿಲಿನ ಟೊಳ್ಳು ತುದಿಯನ್ನು ಪಿನ್ನಿನ ಮೇಲೆ ಇಳಿಸಿ, ಉಸಿರು ಬಿಗಿಹಿಡಿದು ಒಂದಿಷ್ಟೇ ಇಷ್ಟು ನೆಟ್ಟಗೆ ಮಾಡಿದೆ. ಒಂದೇ ಸಲಕ್ಕೆ ತಿರುಗಿಸಿದರೆ ಮುರಿಯುತ್ತದೆ. ಪಕ್ಕದಿಂದ ಸಾಲು ನೋಡಿ, ಮತ್ತೆ ಒಂದಿಷ್ಟು. ಎರಡು ಪಿನ್ನಿಗೆ ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ಸನ್ನೆ ಎತ್ತಿ ಪ್ರೊಸೆಸರನ್ನು ಸಾಕೆಟ್ಟಿನ ಮೇಲಿಟ್ಟರೆ ತನ್ನ ಭಾರಕ್ಕೆ ತಾನೇ ಕೂತಿತು. ಒತ್ತಬೇಕಾಗಿ ಬಂದಿದ್ದರೆ ಇನ್ನೂ ಸರಿಯಾಗಿಲ್ಲವೆಂದೇ ಅರ್ಥ. ಮಾಡಬೇಕಾಗಿದ್ದ ಕ್ರಮ ಬೇರೆ: ಹತ್ತು ನಿಮಿಷ ಭಾರದ ಕೆಲಸ ಓಡಿಸಿ ಪೇಸ್ಟನ್ನು ಬೆಚ್ಚಗೆ ಮಾಡಿ, ಕಂಪ್ಯೂಟರ್ ಆರಿಸಿ ವೈರ್ ಕಿತ್ತು, ಕೂಲರನ್ನು ಎಡಕ್ಕೆ ಬಲಕ್ಕೆ ತಿರುವುತ್ತಾ ಸಡಿಲಿಸಿ, ಆಮೇಲೆ ಎತ್ತುವುದು. ಓದಿ ಗೊತ್ತಿತ್ತು. ಅವಸರ.

ಇನ್ನೊಂದು ಸಣ್ಣ ಬಲೆಯಿದೆ. ಎಎಂ4 ಬೋರ್ಡಿನ ಪ್ಲಾಸ್ಟಿಕ್ ಹಿಡಿಕೆಗಳ ನಾಲ್ಕು ಸ್ಕ್ರೂ ಬಿಚ್ಚಿದರೆ ಹಿಂದಿನ ಲೋಹದ ತಟ್ಟೆ ಕಳಚಿ ಬೀಳುತ್ತದೆ, ಹೊಸ ಕೂಲರಿಗೆ ಬೇಕಾದದ್ದೂ ಅದೇ ತಟ್ಟೆ. ಹುಡುಗ ಹಿಂದಿನಿಂದ ಅಂಗೈ ಕೊಟ್ಟು ಹಿಡಿದುಕೊಂಡ, ನಾನು ಹೊಸ ಕಂಬಗಳನ್ನು ತಿರುಗಿಸಿದೆ. ಪ್ರೊಸೆಸರಿನ ಬೆನ್ನನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಪಂಪನ್ನು ಇಟ್ಟು, ಕಾರಿಗೆ ಸ್ಟೆಪ್ನಿ ಹಾಕುವಾಗ ನಟ್ ಬಿಗಿಯುವಂತೆ ಎದುರುಬದುರಾಗಿ ಅಷ್ಟಷ್ಟೇ ಬಿಗಿದೆ. ಪೇಸ್ಟ್ ಪಂಪಿನ ತಳಕ್ಕೆ ಕಾರ್ಖಾನೆಯಲ್ಲಿಯೇ ಹಚ್ಚಿತ್ತು. ಫ್ಯಾನುಗಳು ಹೊರಗಿನ ಗಾಳಿಯನ್ನು ಒಳಕ್ಕೆ ತಳ್ಳುವಂತೆ ಮುಖ ನೋಡಿ ಜೋಡಿಸಿದೆ. ಗ್ರಾಫಿಕ್ಸ್ ಕಾರ್ಡಿಗೂ ರೇಡಿಯೇಟರಿಗೂ ನಡುವೆ ಲೆಕ್ಕದಲ್ಲಿ ಬಂದ ಎಂಟು ಮಿಲಿಮೀಟರ್ ಹಾಗೆಯೇ ಉಳಿಯಿತು. ಆ ಹೊತ್ತು ಪಟ್ಟ ಖುಷಿ ಗಿರಾಕಿ ಪೂರ್ತಿ ಹಣ ಕೊಟ್ಟಾಗಲೂ ಆಗಿಲ್ಲ.

ಪಂಪಿನ ವೈರನ್ನು ಬೋರ್ಡಿನಲ್ಲಿ ಪಂಪಿಗೆಂದೇ ಇರುವ ಜಾಗಕ್ಕೆ, ಫ್ಯಾನಿನದನ್ನು ಸಿಪಿಯು ಫ್ಯಾನ್ ಎಂದು ಬರೆದ ಜಾಗಕ್ಕೆ ಕೊಟ್ಟೆ. ಎರಡನೆಯದು ಖಾಲಿ ಇದ್ದರೆ ಕಂಪ್ಯೂಟರ್ ಶುರುವಾಗುವಾಗಲೇ ಫ್ಯಾನ್ ಇಲ್ಲವೆಂದು ತಕರಾರು ತೆಗೆಯುತ್ತದೆ. ಬಯೋಸಿನಲ್ಲಿ, ಎಂದರೆ ಬೋರ್ಡಿನ ಮೂಲ ಹೊಂದಿಕೆಗಳ ಪುಟದಲ್ಲಿ, ಪಂಪಿಗೆ ಸದಾ ಪೂರ್ಣ ವೇಗ ಕೊಟ್ಟೆ. ಫ್ಯಾನುಗಳು ಪ್ರತಿ ಕ್ಷಣದ ಏರಿಳಿತಕ್ಕೆ ಬೆಚ್ಚಿಬೀಳದಂತೆ ಕೆಲವು ಸೆಕೆಂಡು ತಡಮಾಡಿ ಏರುವ ಹಾಗೆ ಹೊಂದಿಸಿದೆ. ನೀರು ನಿಧಾನವಾಗಿ ಬಿಸಿಯಾಗುವುದರಿಂದ ಫ್ಯಾನಿಗೆ ಅವಸರವಿಲ್ಲ.

ಈ ನಿಧಾನವೇ ಹಲವರನ್ನು ಮೋಸಗೊಳಿಸುತ್ತದೆ. ಮೊದಲ ಐದು ನಿಮಿಷ 67 ಡಿಗ್ರಿ. ಹುಡುಗ ಚಪ್ಪಾಳೆ ತಟ್ಟಿದ. ಆದರೆ ಬಚ್ಚಲ ಹಂಡೆಯ ನೀರು ಒಲೆ ಹಚ್ಚಿದ ಕೂಡಲೇ ಕಾಯುತ್ತದೆಯೇ? ಅರ್ಧ ಗಂಟೆ ಬಿಟ್ಟು ನೋಡಿದಾಗ 77. ಅಲ್ಲಿ ನಿಂತಿತು. ಆ ಹೊತ್ತು ಕೊಠಡಿ 34 ಡಿಗ್ರಿ ಇತ್ತು. ಹತ್ತು ನಿಮಿಷದ ಪರೀಕ್ಷೆ ನೋಡಿ ಹಿಗ್ಗುವವರು ಕೊಠಡಿ ಎಷ್ಟಿತ್ತೆಂದೂ ಹೇಳುವುದಿಲ್ಲ. ಡಿಸೆಂಬರಿನ ಮುಂಜಾನೆಯ ಅಂಕಿಗೂ ಏಪ್ರಿಲಿನ ಮಧ್ಯಾಹ್ನದ ಅಂಕಿಗೂ ಹೋಲಿಕೆಯೇ ಇಲ್ಲ. ಕೊಠಡಿಯ ಗಾಳಿಗಿಂತ ತಣ್ಣಗೆ ಮಾಡುವ ಶಕ್ತಿ ಈ ಕೂಲರಿಗಿಲ್ಲ, ಏಕೆಂದರೆ ಅದು ಫ್ರಿಜ್ ಅಲ್ಲ.

ಮರುವಾರ ಗುಬ್ಬಿ ಕಡೆಯ ನಮ್ಮ ಹಳ್ಳಿಯಿಂದ ಅಪ್ಪ ಕಣ್ಣಿನ ತಪಾಸಣೆಗೆಂದು ಬಂದವರು ಸ್ಟುಡಿಯೊದಲ್ಲಿ ಕೂತಿದ್ದರು. ಕಂಪ್ಯೂಟರ್ ಹಚ್ಚಿದೆ. ಒಳಗಿನಿಂದ ಗುಳುಗುಳು ಸದ್ದು. ಹಿಂದಿನ ದಿನದಿಂದ ನನಗೂ ಕೇಳಿಸುತ್ತಿತ್ತು, ಹೊಸದು, ಸರಿಹೋಗುತ್ತದೆ ಎಂದು ಬಿಟ್ಟಿದ್ದೆ. ಅಪ್ಪ ಕಿವಿಗೊಟ್ಟು, "ಇದರೊಳಗೆ ಪಂಪಿದೆಯೇನೋ?" ಎಂದರು. ಇದೆ ಎಂದೆ. "ಹಾಗಾದರೆ ಅದು ಗಾಳಿ ಎಳೆಯುತ್ತಿದೆ ಕಣೋ" ಎಂದರು.

ತೆರೆದ ಬಾವಿಯ ಪಂಪ್‌ಸೆಟ್ಟಿಗೆ ನಲವತ್ತು ವರ್ಷ ನೀರು ತುಂಬಿಸಿ, ನೀರೆಳೆಯುವ ಕೊಳವೆಯ ಬುಡದ ಫುಟ್‌ವಾಲ್ವ್ ರಿಪೇರಿ ಮಾಡಿಸಿದ ಕಿವಿ ಅದು. ಅವರು ಹೇಳಿದ್ದು ಅಕ್ಷರಶಃ ನಿಜ. ಈ ಕೂಲರುಗಳಲ್ಲಿ ನೀರು ಮತ್ತು ಗ್ಲೈಕಾಲ್ ಬೆರೆಸಿದ ದ್ರವದ ಜೊತೆ ಒಂದಿಷ್ಟು ಗಾಳಿ ಇದ್ದೇ ಇರುತ್ತದೆ. ವರ್ಷಗಳು ಕಳೆದಂತೆ ರಬ್ಬರ್ ಕೊಳವೆಗಳ ಮೂಲಕ ನೀರಿನಂಶ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಹೊರಟುಹೋಗಿ ಗಾಳಿ ಹೆಚ್ಚುತ್ತದೆ. ಗಾಳಿ ಎಲ್ಲಕ್ಕಿಂತ ಎತ್ತರದ ಜಾಗ ಹಿಡಿಯುತ್ತದೆ. ಆ ಜಾಗ ಪಂಪಾಗಿದ್ದರೆ ಪಂಪಿನ ಆಯುಸ್ಸು ಮುಗಿಯಿತು. ನಾನು ರೇಡಿಯೇಟರಿನ ತಲೆಯನ್ನು ಪಂಪಿಗಿಂತ ಮೇಲೆ ಇಟ್ಟಿದ್ದೆ, ಅಷ್ಟರ ಮಟ್ಟಿಗೆ ಬಚಾವು. ಆದರೆ ಕೊಳವೆಗಳು ನೋಡಲು ಚೆನ್ನಾಗಿರುತ್ತವೆಂದು ಅವುಗಳ ಬಾಯಿಯನ್ನು ಮೇಲಕ್ಕೆ ಮಾಡಿದ್ದೆ. ಗಾಳಿ ಸೇರುವ ತೊಟ್ಟಿಯಲ್ಲಿಯೇ ಕೊಳವೆಯ ಬಾಯಿ! ಬಾವಿಯಲ್ಲಿ ನೀರು ಇಳಿದು ಫುಟ್‌ವಾಲ್ವ್ ಮೇಲಾದ ಹಾಗೆ.

ಬಿಚ್ಚಿದೆ. ಈ ಸಲ ಬಿಸಿ ಮಾಡಿ, ತಿರುವಿ, ಎತ್ತಿದೆ. ಪ್ರೊಸೆಸರ್ ತನ್ನ ಜಾಗದಲ್ಲಿಯೇ ಉಳಿಯಿತು. ಕಾರ್ಖಾನೆಯ ಪೇಸ್ಟ್ ಒಮ್ಮೆ ಒತ್ತಿದ ಮೇಲೆ ಮತ್ತೆ ಕೆಲಸಕ್ಕೆ ಬಾರದು, ಒರೆಸಿ, ಹೊಸದನ್ನು ಅವರೆಕಾಳಿಗಿಂತ ತುಸು ಚಿಕ್ಕದಾಗಿ ನಡುವೆ ಇಟ್ಟೆ. ರೇಡಿಯೇಟರನ್ನು ತಲೆಕೆಳಗು ಮಾಡಿ ಕೊಳವೆಗಳನ್ನು ಕೆಳಗಿನಿಂದ ತಂದೆ. ಗ್ರಾಫಿಕ್ಸ್ ಕಾರ್ಡಿನ ಮೂತಿಯನ್ನು ಬಳಸಿಕೊಂಡು ಬರಬೇಕಾದ್ದರಿಂದ ಕೊಳವೆ ಬಿಗಿಯಾಯಿತು, ಎಲ್ಲಿಯೂ ಮಡಿಕೆ ಬಿದ್ದಿಲ್ಲವೆಂದು ಬೆರಳಾಡಿಸಿ ನೋಡಿದೆ. ಕಂಪ್ಯೂಟರ್ ಹಚ್ಚಿ, ಗುಳ್ಳೆಗಳು ಮೇಲೇರಲಿ ಎಂದು ಕ್ಯಾಬಿನೆಟ್ಟನ್ನು ಸ್ವಲ್ಪ ಹಿಂದಕ್ಕೂ ಮುಂದಕ್ಕೂ ವಾಲಿಸಿದೆ. ಒಂದೆರಡು ನಿಮಿಷ ಗೊರಗೊರ ಎಂದು ಸುಮ್ಮನಾಯಿತು. ಉಷ್ಣಾಂಶ ಮೊದಲಿಗಿಂತ ಒಂದು ಡಿಗ್ರಿ ಕಡಿಮೆ, ಅದು ಲೆಕ್ಕಕ್ಕಿಲ್ಲ. ಸದ್ದು ಹೋದದ್ದೇ ಲಾಭ.

ರೆಂಡರ್ ಹೊತ್ತು ಅರ್ಧಕ್ಕೆ ಇಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನನ್ನಲ್ಲಿ ಮೂರು ಗಂಟೆಯ ಕೆಲಸ ಕಾಲು ಗಂಟೆ ಬೇಗ ಮುಗಿಯುತ್ತಿದೆ, ಅಷ್ಟೇ. ಕೊಠಡಿಯ ಸೆಕೆಯೂ ಕಡಿಮೆಯಾಗಿಲ್ಲ. 142 ವ್ಯಾಟ್ ಮೊದಲೂ ಕೊಠಡಿಗೇ ಬರುತ್ತಿತ್ತು, ಈಗಲೂ ಕೊಠಡಿಗೇ ಬರುತ್ತದೆ. ನೀರು ಅದನ್ನು ಹೊತ್ತು ತಂದು ಬೇರೆ ಬಾಗಿಲಲ್ಲಿ ಇಳಿಸುತ್ತದೆ. ಇದು ತಲೆಗೆ ಹೋದ ಮೇಲೆ ಮೇಜನ್ನೇ ಸರಿಸಿ, ಕ್ಯಾಬಿನೆಟ್ಟಿನ ಬೆನ್ನು ಕಿಟಕಿಯ ಎಕ್ಸಾಸ್ಟ್ ಫ್ಯಾನಿಗೆ ಹತ್ತಿರವಾಗುವಂತೆ ಇಟ್ಟೆ. ಅದರಿಂದ ನಾಲ್ಕು ಡಿಗ್ರಿ ಇಳಿಯಿತು, ಮೇಜು ನೂಕಿದ್ದಕ್ಕೆ.

ಅಪ್ಪ ಹೊರಡುವಾಗ ಕೇಳಿದರು, "ಇದಕ್ಕೆ ನೀರು ಯಾವಾಗ ಹಾಕಬೇಕು?" ಹಾಕುವ ಹಾಗಿಲ್ಲ, ಮುಚ್ಚಿ ಸೀಲ್ ಮಾಡಿರುತ್ತಾರೆ, ಐದಾರು ವರ್ಷಕ್ಕೆ ಇಡಿಯಾಗಿ ಬದಲಿಸುವುದು ಎಂದೆ. ನಂಬಿಕೆ ಬಂದಂತೆ ಕಾಣಲಿಲ್ಲ. ಇನ್ವರ್ಟರ್ ಬ್ಯಾಟರಿಯ ಮೇಲೆ ಡಿಸ್ಟಿಲ್ಡ್ ವಾಟರ್ ಹಾಕಿದ ತಾರೀಖನ್ನು ನಾನು ಮಾರ್ಕರಿನಲ್ಲಿ ಬರೆಯುವುದನ್ನು ಅವರು ನೋಡಿದ್ದರು. ಅದೇ ಮಾರ್ಕರನ್ನು ಕೈಗೆ ಕೊಟ್ಟರು. ರೇಡಿಯೇಟರಿನ ಅಂಚಿನಲ್ಲಿ ಕೂರಿಸಿದ ದಿನ ಬರೆದೆ. ಅದರ ಕೆಳಗೆ ತಿಂಗಳಿಗೊಮ್ಮೆ ಜಾಲರಿ ತೊಳೆದ ತಾರೀಖುಗಳು ಸೇರುತ್ತಿವೆ, ಈ ರಸ್ತೆಯ ಧೂಳಿಗೆ ಅದೂ ಕೆಲವೊಮ್ಮೆ ತಡವೇ.