ಸ್ಮಜ್ ಹಿಡಿದೇ ದಾಸವಾಳ ಬರೆದೆ

ಹೋದ ಮಳೆಗಾಲದಲ್ಲಿ ದಾಸವಾಳದ ತಲೆಗೆಣ್ಣೆ ಮಾಡುವವರೊಬ್ಬರು ಬಾಟಲಿಯ ಲೇಬಲ್‌ಗೆ ಹೂವು ಬರೆದುಕೊಡಿ ಅಂದರು. ಫೋಟೊ ಬೇಡ, ಬರೆದದ್ದೇ ಆಗಬೇಕು, ಆದರೆ ಈಗ ತಾನೆ ಗಿಡದಿಂದ ಕಿತ್ತ ಹಾಗಿರಬೇಕು. ಆರು ಸಾವಿರಕ್ಕೆ ಒಪ್ಪಿಕೊಂಡೆ. ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಕ್ರಿಟಾದಲ್ಲಿ ಸ್ಮಜ್ ಹಿಡಿದೇ, ಅಂದರೆ ಹಚ್ಚಿದ ಬಣ್ಣವನ್ನು ತಿಕ್ಕಿ ಬೆರೆಸುವ ಬ್ರಶ್‌ನಲ್ಲೇ, ಮುಗಿಸುತ್ತೇನೆ ಅಂದಾಗ ಜೊತೆಗಾರರೆಲ್ಲ ಬೇಡ ಅಂದರು. ಸ್ಮಜ್ ಮಾಡಿದರೆ ಮೇಣದ ಹೂವಾಗುತ್ತೆ ಅನ್ನೋದು ಅವರ ಮಾತು. ನಾನು ಮೊದಲು ಅಂಗಡಿ ಬೋರ್ಡ್ ಬರೆಯುತ್ತಿದ್ದವನು, ಪೇಸ್ಟಲ್ ಬಣ್ಣವನ್ನು ಬೆರಳಲ್ಲಿ ತಿಕ್ಕಿ ತಿಕ್ಕಿ ಕೈ ಪಳಗಿದೆ. ಅಲ್ಲಿ ಆಗುವುದು ಇಲ್ಲಿ ಯಾಕಾಗಬಾರದು ಅನ್ನೋದು ನನ್ನ ಹಟ.

ಮೊದಲ ಮೂರು ಸಲವೂ ಕೆಟ್ಟಿತು. ಮೊದಲನೆಯದರಲ್ಲಿ ಐದೂ ಎಸಳು ಒಂದೇ ಲೇಯರ್ (ಒಂದರ ಮೇಲೊಂದು ಇಡುವ ಪಾರದರ್ಶಕ ಹಾಳೆಯಂಥದ್ದು), ಮೆತ್ತನೆ ಬ್ರಶ್. ಮೇಣದ ಹೂವೇ ಬಂತು. ಎರಡನೆಯದರಲ್ಲಿ ಎಸಳಿಗೊಂದು ಲೇಯರ್ ಮಾಡಿದೆ, ಆದರೆ ಸ್ಮಜ್ ಬ್ರಶ್‌ನಲ್ಲಿ ಓವರ್‌ಲೇ ಅನ್ನೋ ಆಯ್ಕೆ ಟಿಕ್ ಆಗಿತ್ತು. ಅದು ಕೆಳಗಿನ ಲೇಯರ್‌ಗಳ ಬಣ್ಣವನ್ನೂ ಎಳೆಯುತ್ತದೆ. ಎಲೆಯ ಹಸಿರು ಎಸಳಿನ ಕೆಂಪಿಗೆ ಸೇರಿ ಕೆಸರಾಯಿತು. ಕಾರಣ ಹುಡುಕೋದಕ್ಕೇ ಅರ್ಧ ದಿನ ಹೋಯಿತು. ಬಣ್ಣ ಆಕಾರದಾಚೆ ಹೋಗದ ಹಾಗೆ ತಡೆಯುವ ಆಲ್ಫಾ ಲಾಕ್ ಹಾಕದೆ ಅಂಚೆಲ್ಲ ಹುಳ ತಿಂದ ಹಾಗಾಗಿದ್ದು ಬೇರೆ.

ಮೂರನೆಯದು ಸ್ಕ್ರೀನ್ ಮೇಲೆ ಚೆನ್ನಾಗಿಯೇ ಇತ್ತು. ಐನೂರು ಸ್ಟಿಕ್ಕರ್ ಪ್ರಿಂಟ್ ಮಾಡಿಸಿದೆ, ಕೆಂಪೆಲ್ಲ ಇಟ್ಟಿಗೆ ಬಣ್ಣ. ಸ್ಕ್ರೀನಿನ ಆರ್‌ಜಿಬಿಯ ಆ ಉರಿಗೆಂಪು ಪ್ರಿಂಟಿನ ಸಿಎಂವೈಕೆ ಶಾಯಿಯಲ್ಲಿ ಸಿಗುವುದಿಲ್ಲ ಅಂತ ಗೊತ್ತಿದ್ದೂ, ಪ್ರಿಂಟ್ ಆದಾಗ ಬಣ್ಣ ಹೇಗಿರುತ್ತೆ ಅಂತ ಸ್ಕ್ರೀನಿನಲ್ಲೇ ತೋರಿಸುವ ಸಾಫ್ಟ್ ಪ್ರೂಫಿಂಗ್ ಹಾಕಿ ನೋಡಿರಲಿಲ್ಲ. ಸುಮಾರು ಮೂರೂವರೆ ಸಾವಿರ ಕೈಯಿಂದ ಹೋಯಿತು. ಮನೆಯಲ್ಲಿ ಹೇಳಲಿಲ್ಲ. ಈಗ ಮೊದಲ ಗೆರೆಯಿಂದಲೇ ಪ್ರೂಫ್ ಹಾಕಿಕೊಂಡು ಬರೆಯುತ್ತೇನೆ.

ಆಮೇಲೆ ಮಾಡಿದ್ದು ಒಂದೇ ಕೆಲಸ. ಅಲ್ಲಿಯವರೆಗೆ ನೋಡಿ ಬರೆಯುತ್ತಿದ್ದ ಫೋಟೊ ಮುಚ್ಚಿಟ್ಟು ಹಿತ್ತಲಿನ ಹೂವು ತಂದು ಮುಂದಿಟ್ಟುಕೊಂಡೆ. ನನ್ನ ಫೋನ್ ಕ್ಯಾಮೆರಾಗೆ ಕೆಂಪು ದಾಸವಾಳ ಬಿಸಿಲಲ್ಲಿ ಬರೀ ಕೆಂಪು ಮುದ್ದೆ, ನರಗಳೆಲ್ಲ ಮಾಯ. ಹೂವು ಬೆಳಗ್ಗೆ ಅರಳಿ ಸಂಜೆಗೆ ಮುದುಡುತ್ತೆ, ಹಾಗಾಗಿ ದಿನಕ್ಕೊಂದು ಹೂವು, ದಿನಕ್ಕೊಂದು ಎಸಳು.

ಹೂವು ಎದುರಿಗಿದ್ದಾಗಲೇ ಗೊತ್ತಾಗಿದ್ದು: ದಾಸವಾಳದ ಎಸಳುಗಳು ಗಿರಿಗಿಟ್ಲೆಯ ರೆಕ್ಕೆಯ ಹಾಗೆ ಕೂತಿರುತ್ತವೆ. ಪ್ರತಿ ಎಸಳಿನ ಒಂದು ಅಂಚು ಪಕ್ಕದ್ದರ ಮೇಲೆ, ಇನ್ನೊಂದು ಅಂಚು ಆಚೆಯದರ ಕೆಳಗೆ. ಒಂದರ ಮೇಲೊಂದು ಲೇಯರ್ ಪೇರಿಸಿದರೆ ಈ ಸುತ್ತು ಬರುವುದೇ ಇಲ್ಲ, ಕೊನೆಯ ಎಸಳು ಎಲ್ಲೋ ತಪ್ಪಾಗಿ ಕೂರುತ್ತೆ. ಒಂದು ಎಸಳನ್ನು ಸೀಳಿ, ಅರ್ಧ ಎಲ್ಲಕ್ಕಿಂತ ಮೇಲೆ, ಅರ್ಧ ಎಲ್ಲಕ್ಕಿಂತ ಕೆಳಗೆ ಇಟ್ಟೆ. ಆರು ಲೇಯರ್. ಹೂವು ಆ ಕ್ಷಣಕ್ಕೇ ತಿರುಗಿ ಕೂತಂತಾಯಿತು. ಇದನ್ನು ನನಗೆ ಯಾರೂ ಹೇಳಿಕೊಟ್ಟಿದ್ದಲ್ಲ.

ಇನ್ನು ಸ್ಮಜ್. ಬಣ್ಣ ಹಚ್ಚುವಾಗಲೇ ನಾಲ್ಕು ಛಾಯೆ ಪಟ್ಟಿ ಪಟ್ಟಿಯಾಗಿ ಇಡಬೇಕು. ನೆರಳಿಗೆ ಕಪ್ಪು ಬೇಡವೇ ಬೇಡ, ನೇರಳೆ ಬೆರೆತ ಕಡುಗೆಂಪು ಸಾಕು. ಹೊಳಪಿಗೂ ಬಿಳಿ ಬೇಡ, ಮಾಸಲು ಗುಲಾಬಿ. ಕಲರ್ ರೇಟ್ (ಬ್ರಶ್ ಸೇರಿಸುವ ಹೊಸ ಬಣ್ಣದ ಪ್ರಮಾಣ) ಸೊನ್ನೆಯ ಹತ್ತಿರ, ಸ್ಮಜ್ ಲೆಂತ್ (ಇರುವ ಬಣ್ಣವನ್ನು ಎಳೆಯುವ ಪ್ರಮಾಣ) ಅರ್ಧಕ್ಕಿಂತ ಸ್ವಲ್ಪ ಮೇಲೆ. ನಡುವಿನಿಂದ ಅಂಚಿನ ಕಡೆಗೆ, ನರ ಹೋದ ದಿಕ್ಕಿನಲ್ಲೇ ಗಿಡ್ಡ ಗಿಡ್ಡ ಎಳೆತ. ಅಡ್ಡ ಎಳೆದರೆ ಕೆಟ್ಟಿತು. ಒಂದು ಜಾಗಕ್ಕೆ ಮೂರು ಸಲಕ್ಕಿಂತ ಹೆಚ್ಚು ಕೈ ಹಾಕಬೇಡಿ, ಮೇಣ ಶುರುವಾಗುವುದು ನಾಲ್ಕನೆಯದಕ್ಕೆ. ಬ್ರಶ್ ಒರಟಾಗಿರಬೇಕು. ನನ್ನದರ ತುದಿ ನಾನೇ ಸ್ಕ್ಯಾನ್ ಮಾಡಿ ಮಾಡಿಕೊಂಡದ್ದು. ಯಾವುದರಿಂದ ಅನ್ನೋದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಕೇಸರದ ಕೋಲಿನ ಹಳದಿ ಪುಡಿಗೆ ಮಾತ್ರ ಸ್ಮಜ್ ಮುಟ್ಟಿಸಲಿಲ್ಲ. ಗಟ್ಟಿ ಬ್ರಶ್‌ನ ಚುಕ್ಕೆ, ಎಲ್ಲಕ್ಕಿಂತ ಮೇಲಿನ ಲೇಯರ್‌ನಲ್ಲಿ.

ಸ್ಕ್ಯಾನರ್ ಅಂದಾಗ ನೆನಪಾಯಿತು. ಎಸಳನ್ನೇ ಗಾಜಿನ ಮೇಲಿಟ್ಟು ಸ್ಕ್ಯಾನ್ ಮಾಡಿ ನೋಡಿದ್ದೆ. ನರ ಸೊಗಸಾಗಿ ಬಂತು, ಉಬ್ಬು ತಗ್ಗು ಸತ್ತುಹೋಯಿತು. ಗಾಜಿಗೆ ಅಂಟಿದ ರಸ ಒರೆಸಿದ ಕಾಗದ ನೇರಳೆಯಾಯಿತು. ಅದಕ್ಕೆ ನಿಂಬೆರಸ ಹಾಕಿದೆ, ಕೆಂಪಗಾಯಿತು. ಸೋಪಿನ ನೀರು ಹಾಕಿದೆ, ಹಸಿರಿಗೆ ತಿರುಗಿತು. ಮಗಳ ಜೊತೆ ಕೂತು ಒಂದು ಮಧ್ಯಾಹ್ನ ಪೂರ್ತಿ ಅದರಲ್ಲೇ ಕಳೆದೆ. ನೆರಳಿಗೆ ನೇರಳೆ ಬೆರೆಸುವ ಯೋಚನೆ ಬಂದಿದ್ದು ಆ ಕಾಗದ ನೋಡಿಯೇ.

ನಾಲ್ಕನೆಯ ಹೂವಿಗೆ ಇಪ್ಪತ್ತು ಗಂಟೆಯ ಮೇಲೆ ಹಿಡಿಯಿತು. ಈಗ ಏಳೆಂಟರಲ್ಲಿ ಮುಗಿಸುತ್ತೇನೆ. ಸ್ಟಿಕ್ಕರ್ ನಷ್ಟ, ಪೆನ್ನಿನ ಸವೆದ ನಿಬ್ಬು ಎಲ್ಲ ಕಳೆದು ಕೈಗುಳಿದದ್ದು ಎರಡು ಸಾವಿರದ ಚಿಲ್ಲರೆ. ಆದರೆ ಎಣ್ಣೆಯವರು ಲೇಬಲ್ ನೋಡಿ ಮೊದಲು ಕೇಳಿದ್ದು, "ಇದು ಫೋಟೊ ಅಲ್ಲ ತಾನೆ?" ಅಂತ. ಮೇಣದ ಹೂವು ಅಂದಿದ್ದ ಜೊತೆಗಾರರೊಬ್ಬರು ಮೊನ್ನೆ ಫೈಲ್ ತೆರೆಸಿ ಲೇಯರ್ ಒಂದೊಂದಾಗಿ ಆಫ್ ಮಾಡಿ ನೋಡಿದರು, ಸೀಳಿದ ಎಸಳಿನ ಹತ್ತಿರ ಬಹಳ ಹೊತ್ತು ನಿಂತರು.

ಈಗ ಬಿಳಿ ದಾಸವಾಳಕ್ಕೆ ಕೈ ಹಾಕಿದ್ದೇನೆ. ಬಿಳಿಯ ನೆರಳು ಒಮ್ಮೆ ನೀಲಿಯಾಗುತ್ತೆ, ಒಮ್ಮೆ ಪಕ್ಕದ ಎಲೆಯ ಹಸಿರು ಹಿಡಿಯುತ್ತೆ. ಎರಡು ಎಸಳು ಮುಗಿದಿವೆ.