ಬಾಗಿದ ಗೆರೆಯ ಸ್ಲೋಪ್ ಹುಡುಕಲು ಒಂದು ಸ್ಕೇಲು ಸಾಕು

ಸರಳರೇಖೆಯ ಸ್ಲೋಪ್ ಕಂಡುಹಿಡಿಯುವುದು ಹೈಸ್ಕೂಲಿನಲ್ಲೇ ಗೊತ್ತಾಗಿರುತ್ತದೆ. ಎಷ್ಟು ಮೇಲೇರಿತು, ಎಷ್ಟು ಬಲಕ್ಕೆ ಸರಿಯಿತು ನೋಡಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಆಯಿತು. ತೊಡಕು ಶುರುವಾಗುವುದು ಪರವಲಯ, ಅಂದರೆ ಪ್ಯಾರಾಬೋಲಾ ಬಂದಾಗ. ಅದು ಉದ್ದಕ್ಕೂ ಬಾಗುತ್ತಲೇ ಇರುತ್ತದೆ. ಭಾಗಿಸಲು ಎರಡು ಬಿಂದು ಬೇಕು, ಪ್ರಶ್ನೆಯಲ್ಲಿ ಕೊಟ್ಟಿರುವುದು ಒಂದೇ. ಪಿಯುಸಿಯಲ್ಲಿ ಡಿಫರೆನ್ಷಿಯೇಷನ್ ಸೂತ್ರ ಹಾಕಿ ಉತ್ತರ ಬರೆಯುತ್ತೇವೆ, ಅಂಕವೂ ಬರುತ್ತದೆ. ಆ ಉತ್ತರ ಎಲ್ಲಿಂದ ಬಂತು ಅಂತ ಯಾರಾದರೂ ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳಬೇಕು. ಅದಕ್ಕೇ ಸೂತ್ರ ಹಿಡಿಯುವ ಮುಂಚೆ ಒಂದು ಗ್ರಾಫ್ ಹಾಳೆ ಖರ್ಚು ಮಾಡಿ.

(ಸ್ಲೋಪ್‌ಗೆ ‘ಇಳಿಜಾರು’ ಅನ್ನುವುದುಂಟು. ಏರುವ ಗೆರೆಗೂ ಇಳಿಜಾರು ಅನ್ನುವುದು ನನಗೆ ಯಾಕೋ ಒಗ್ಗುವುದಿಲ್ಲ. ಸ್ಲೋಪ್ ಅಂತಲೇ ಇಟ್ಟುಕೊಳ್ಳೋಣ.)

ಮೊದಲು ವೈ = ಎಕ್ಸ್² ಬಿಡಿಸಿ. ಎಕ್ಸ್‌ಗೆ 0, 1, 2, 3, 4, 5 ಹಾಕಿದರೆ ವೈ 0, 1, 4, 9, 16, 25 ಆಗುತ್ತದೆ. ಎಕ್ಸ್ ಕಡೆ 2 ಸೆಂಟಿಮೀಟರಿಗೆ 1, ವೈ ಕಡೆ 1 ಸೆಂಟಿಮೀಟರಿಗೆ 2 ಅಂತ ಅಳತೆ ಇಟ್ಟರೆ ಹಾಳೆಯಲ್ಲಿ ಚೆನ್ನಾಗಿ ಕೂರುತ್ತದೆ. ಬಿಂದುಗಳನ್ನು ಸೇರಿಸುವಾಗ ಸ್ಕೇಲು ಬೇಡ, ಕೈಯಲ್ಲೇ ನಿಧಾನಕ್ಕೆ ಎಳೆಯಿರಿ.

ನಮಗೆ ಸ್ಲೋಪ್ ಬೇಕಿರುವುದು (3, 9) ಎಂಬ ಬಿಂದುವಿನಲ್ಲಿ ಅಂದುಕೊಳ್ಳಿ. ಕೊಟ್ಟ ಬಿಂದು ಗೆರೆಯ ಮೇಲಿದೆಯಾ ಅಂತ ಮೊದಲು ನೋಡಿಬಿಡಿ. 3ರ ವರ್ಗ 9, ಸರಿ ಇದೆ.

ಈಗ 3ರಿಂದ ಎಡಕ್ಕೆ ಒಂದು ಹೆಜ್ಜೆ, ಬಲಕ್ಕೆ ಒಂದು ಹೆಜ್ಜೆ ಹೋಗಿ. ಸಿಗುವುದು (2, 4) ಮತ್ತು (4, 16). ಇವೆರಡನ್ನೂ ಸ್ಕೇಲಿನಿಂದ ಜೋಡಿಸಿ. ಏರಿದ್ದು 12, ಸರಿದದ್ದು 2, ಸ್ಲೋಪ್ 6. ಇನ್ನೂ ದೂರ, ಎರಡೆರಡು ಹೆಜ್ಜೆ ಹೋಗಿ ನೋಡಿ. (1, 1) ಮತ್ತು (5, 25) ಸಿಗುತ್ತವೆ. ಏರಿದ್ದು 24, ಸರಿದದ್ದು 4. ಮತ್ತೆ 6! ಎಷ್ಟೇ ದೂರ ಹೋದರೂ ಹೆಜ್ಜೆ ಎರಡೂ ಕಡೆ ಸಮನಾಗಿದ್ದರೆ ಉತ್ತರ ಬದಲಾಗುವುದಿಲ್ಲ. ಸ್ಕೇಲಿನ ಓರೆ ಕೆಡಿಸದೆ ನಿಧಾನವಾಗಿ ಕೆಳಗೆ ಜಾರಿಸಿ. ಅದು ಪರವಲಯವನ್ನು ಕೊನೆಗೆ ಸವರಿಕೊಂಡು ಹೋಗುವುದು ಸರಿಯಾಗಿ (3, 9)ರಲ್ಲಿ. ಆ ಗೆರೆಯೇ ಸ್ಪರ್ಶಕ, ಅದರ ಸ್ಲೋಪ್ ಆದ 6 ನಮ್ಮ ಉತ್ತರ.

ಇಲ್ಲೊಂದು ಎಚ್ಚರಿಕೆ. ಭಾಗಿಸಬೇಕಾದದ್ದು ಬೆಲೆಗಳನ್ನು, ಸೆಂಟಿಮೀಟರುಗಳನ್ನಲ್ಲ. ಪಿಯುಸಿಯಲ್ಲಿ ನಾನು ಇಂಥದ್ದೇ ಲೆಕ್ಕಕ್ಕೆ ಹಾಳೆಯ ಚೌಕ ಎಣಿಸಿ ಒಂದೂವರೆ ಅಂತ ಬರೆದು ಅಂಕ ಕಳೆದುಕೊಂಡಿದ್ದೆ.

ಹೆಜ್ಜೆ ಎಷ್ಟು ದೂರದ್ದಾದರೂ 6 ಬರುವುದು ಹೇಗೆ ಸಾಧ್ಯ? ಹೆಜ್ಜೆಯ ಉದ್ದ ಎಚ್ ಆಗಿರಲಿ. ಬಲಗಡೆಯ ಎತ್ತರ (3 + ಎಚ್)², ಅಂದರೆ 9 + 6ಎಚ್ + ಎಚ್². ಎಡಗಡೆಯದು 9 − 6ಎಚ್ + ಎಚ್². ಕಳೆದರೆ 9 ಹೋಯಿತು, ಎಚ್² ಕೂಡ ಹೋಯಿತು, ಉಳಿದದ್ದು 12ಎಚ್. ಅದನ್ನು 2ಎಚ್‌ನಿಂದ ಭಾಗಿಸಿದರೆ 6. ಎಚ್ ಎಷ್ಟಿದ್ದರೂ ಒಂದೇ. ಈ ಗುಣ ಹೊಸದೇನೂ ಅಲ್ಲ. ಕ್ರಿ.ಪೂ. 3ನೇ ಶತಮಾನದಲ್ಲಿ ಆರ್ಕಿಮಿಡೀಸ್ ಪರವಲಯದ ತುಂಡಿನ ವಿಸ್ತೀರ್ಣ ಲೆಕ್ಕ ಹಾಕುವಾಗ ಇದನ್ನು ಮೊದಲೇ ಗೊತ್ತಿದ್ದ ಸಂಗತಿಯಂತೆ ಹೇಳಿ ಮುಂದೆ ಹೋಗುತ್ತಾನೆ.

ಹಾಗಾದರೆ ಲಿಮಿಟ್ ಗಿಮಿಟ್ ಎಲ್ಲ ಯಾಕೆ ಬೇಕು? ಯಾಕೆಂದರೆ ಈ ಉಪಾಯ ಎಲ್ಲ ಗೆರೆಗಳಿಗೂ ನಡೆಯುವುದಿಲ್ಲ. ವೈ = ಎಕ್ಸ್³ ತಗೊಳ್ಳಿ. ಎಕ್ಸ್ 1 ಇರುವಲ್ಲಿ ಅದರ ನಿಜವಾದ ಸ್ಲೋಪ್ 3. ಒಂದೊಂದು ಹೆಜ್ಜೆ ಆಚೀಚೆ ಹೋದರೆ (0, 0) ಮತ್ತು (2, 8) ಸಿಕ್ಕಿ 4 ಬರುತ್ತದೆ, ತಪ್ಪು. ಅಲ್ಲಿ ಹೆಜ್ಜೆಯನ್ನು ಚಿಕ್ಕದು ಮಾಡುತ್ತಲೇ ಹೋಗಬೇಕು. ಆ ದಾರಿಯನ್ನೂ ನಮ್ಮ ಪರವಲಯದ ಮೇಲೆ ಪರೀಕ್ಷಿಸಬಹುದು. 3ರಿಂದ 3.1ಕ್ಕೆ ಹೋದರೆ ಸ್ಲೋಪ್ 6.1. 3.01ಕ್ಕೆ ಹೋದರೆ 6.01. ಎಡಗಡೆ 2.9ಕ್ಕೆ ಹೋದರೆ 5.9. ಎರಡೂ ಕಡೆಯಿಂದ 6ರ ಹತ್ತಿರ ಬರುತ್ತಿದೆ, ಅಲ್ವಾ? ಲಿಮಿಟ್ ಅಂದರೆ ಇದೇ.

ವೈ = ಎ·ಎಕ್ಸ್² + ಬಿ·ಎಕ್ಸ್ + ಸಿ ಎಂಬ ಯಾವ ಪರವಲಯಕ್ಕಾದರೂ ಇದೇ ಲೆಕ್ಕ ಮಾಡಿದರೆ ಸ್ಲೋಪ್ 2·ಎ·ಎಕ್ಸ್ + ಬಿ ಎಂದು ಬರುತ್ತದೆ. ಸಿ ಗೆರೆಯನ್ನು ಮೇಲೆ ಕೆಳಗೆ ಎತ್ತಿಡುತ್ತದೆ ಅಷ್ಟೆ, ಬಾಗುವಿಕೆಗೆ ಅದರ ಸಂಬಂಧವಿಲ್ಲ.

ಇದರಿಂದ ಉಪಯೋಗ ಏನು ಅನ್ನುವವರಿಗೆ ಒಂದು ಚೆಂಡು. ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ನೆಟ್ಟಗೆ ಮೇಲಕ್ಕೆಸೆದರೆ, ಟಿ ಸೆಕೆಂಡಿನ ನಂತರ ಅದರ ಎತ್ತರ ಸುಮಾರು 20ಟಿ − 5ಟಿ² ಮೀಟರ್. ಚೆಂಡು ಹೋಗುವುದು ನೆಟ್ಟಗೇ. ಆದರೆ ಸಮಯದ ಎದುರು ಎತ್ತರವನ್ನು ಗುರುತಿಸಿದ ಗ್ರಾಫ್ ಪರವಲಯ. ಅದರ ಸ್ಲೋಪ್ 20 − 10ಟಿ, ಮತ್ತು ಆ ಸ್ಲೋಪೇ ಚೆಂಡಿನ ಆ ಕ್ಷಣದ ವೇಗ. 1ನೇ ಸೆಕೆಂಡಿಗೆ 10. 2ನೇ ಸೆಕೆಂಡಿಗೆ ಸೊನ್ನೆ, ಚೆಂಡು ತುದಿ ಮುಟ್ಟಿದೆ. 3ನೇ ಸೆಕೆಂಡಿಗೆ −10, ಅಂದರೆ ಕೆಳಗೆ ಬರುತ್ತಿದೆ. ಸ್ಕೇಲಿನ ಉಪಾಯವೂ ಇಲ್ಲಿ ನಡೆಯುತ್ತದೆ. 1ಕ್ಕೂ 3ಕ್ಕೂ ಎತ್ತರ 15 ಮೀಟರ್, ಹಾಗಾಗಿ 2ರಲ್ಲಿ ಸ್ಕೇಲು ಮಲಗಿರುತ್ತದೆ.

ಪರವಲಯ ಪಕ್ಕಕ್ಕೆ ಹೊರಳಿ ಮಲಗಿದ್ದರೆ? ಉದಾಹರಣೆಗೆ ವೈ² = 4ಎಕ್ಸ್, ಬಿಂದು (1, 2). ಆಗ ಸಮ ಹೆಜ್ಜೆಗಳನ್ನು ವೈ ಕಡೆ ಹಾಕಿ. ವೈ 1 ಇದ್ದಾಗ ಎಕ್ಸ್ ಕಾಲು, ವೈ 3 ಇದ್ದಾಗ ಎಕ್ಸ್ ಎರಡೂಕಾಲು. ಏರಿದ್ದು 2, ಸರಿದದ್ದು 2, ಸ್ಲೋಪ್ 1. ಅದರ ಮೂತಿಯಲ್ಲಿ, ಅಂದರೆ (0, 0)ರಲ್ಲಿ, ಇದನ್ನೇ ಮಾಡಿ ನೋಡಿ. ವೈ 1ಕ್ಕೂ −1ಕ್ಕೂ ಎಕ್ಸ್ ಕಾಲೇ. ಸರಿದದ್ದು ಸೊನ್ನೆ, ಸೊನ್ನೆಯಿಂದ ಭಾಗಿಸುವ ಹಾಗಿಲ್ಲ. ಹಾಳೆಯ ಮೇಲೆ ಸ್ಕೇಲು ಕಂಬದ ಹಾಗೆ ನೆಟ್ಟಗೆ ನಿಂತಿರುತ್ತದೆ. ಅಲ್ಲಿ ‘ಸ್ಲೋಪ್ ಇಲ್ಲ’ ಅಂತ ಧೈರ್ಯವಾಗಿ ಬರೆಯಿರಿ, ಸೊನ್ನೆ ಅಂತ ಬರೆಯಬೇಡಿ.